ಕೆಂಪು ಶಾಯಿಯ ಹಾಜರಿ

ಈ ವರ್ಷ ಹೊಸ ಪುಸ್ತಕ ಕೊಡಲಿಲ್ಲ. ಕಾಗದವಿಲ್ಲವಂತೆ.
ಹೋದ ವರ್ಷದ ಹಾಳೆಗಳಲ್ಲೇ, ನೀಲಿ ಶಾಯಿಯ ಮೇಲೆ
ಕೆಂಪಿನಲ್ಲಿ ಬರೆಯಿರಿ ಎಂದರು ಗುಮಾಸ್ತರು.
ಹಾಗಾಗಿ ನನ್ನ ಕ್ಲಾಸಿನಲ್ಲಿ ಈಗ
ಪಾಸಾಗಿ ಹೋದವರ ಮೇಲೆ ಇದ್ದವರು ಕೂತಿದ್ದಾರೆ,
ಇದ್ದಿಲ ಬಸ್ಸಿನಲ್ಲಿ ಕೂತ ಹಾಗೆ, ಒಬ್ಬರ ತೊಡೆಯ ಮೇಲೊಬ್ಬರು.

ಸಂಪಂಗಿ ಕೆರೆಯಾಚೆ ನಮ್ಮ ಕಾಲೇಜು.
ದೊಡ್ಡ ಕಟ್ಟಡ ಮಿಲಿಟರಿಗೆ ಹೋಯಿತು, ಗಡಿಯಾರದ ಸಮೇತ.
ಲೈಬ್ರರಿಯಲ್ಲಿ ಬೂಟು ಪೇರಿಸಿದ್ದಾರೆ,
ಎಡದ್ದು ಒಂದು ಗೋಡೆಗೆ, ಬಲದ್ದು ಇನ್ನೊಂದಕ್ಕೆ.
ನಮಗುಳಿದದ್ದು ಕುದುರೆ ಲಾಯ, ಒಂದು ನೇರಳೆ ಮರ,
ವಾಲಿಬಾಲ್ ಅಂಗಳದಲ್ಲಿ ಹುಡುಗರೇ ತೋಡಿದ ಕಂದಕ.
ಬಾಂಬು ಬೀಳಲಿಲ್ಲ. ಮಳೆ ಬಿತ್ತು.
ಕಪ್ಪೆಗಳು ಅಡ್ಮಿಷನ್ ತೆಗೆದುಕೊಂಡವು.

ಲಾಯದಲ್ಲಿ ಇತಿಹಾಸ ಹೇಳುತ್ತಾರೆ ಸುಗುಣಮ್ಮ.
ಬಿದ್ದ ಊರಿಗೊಂದು ಗುಂಡುಸೂಜಿ ಚುಚ್ಚುತ್ತಿದ್ದರು ಭೂಪಟಕ್ಕೆ.
ಆಮೇಲೆ ಗುಂಡುಸೂಜಿಯೂ ಅಂಗಡಿಯಲ್ಲಿಲ್ಲ.
ಜಾಲಿಮುಳ್ಳು ತಂದುಕೊಟ್ಟ ಚೊಕ್ಕಲಿಂಗಂ,
ರಂಗೂನಿನಿಂದ ನಡೆದೇ ಬಂದವನು.
"ಅಲ್ಲಲ್ಲ ಮೇಡಂ, ಸ್ವಲ್ಪ ಬಲಕ್ಕೆ" ಎಂದ,
ಮನೆಯ ತಿರುವು ತೋರಿಸುವವನ ಹಾಗೆ.

ನಾನು ತರ್ಕ ಹೇಳುವವನು.
ಇದೆ, ಅಥವಾ ಇಲ್ಲ. ಮೂರನೆಯದಿಲ್ಲ.
ಹದಿನೇಳು ವರ್ಷ ಇದನ್ನೇ ಹೇಳಿ ಸಂಬಳ ತಗೊಂಡೆ.
ಈಗ ಅರ್ಧ ಸಂಬಳ, ನಾಲ್ಕು ಸೇರು ರಾಗಿ.

ಆಗಸ್ಟಿನಲ್ಲಿ ಏಳನೇ ನಂಬರು ಕಾಣದಾದ. ಚನ್ನಿಗರಾಯ.
ತಂತಿ ಕತ್ತರಿಸಿದನೆಂದು ಸಿಟಿ ಪೊಲೀಸರು,
ಪತ್ರ ಹಂಚಿದನೆಂದು ದಂಡಿನ ಪೊಲೀಸರು;
ರಸ್ತೆ ದಾಟಿದರೆ ಬೇರೆ ಸರ್ಕಾರವಾದ್ದರಿಂದ
ದಾಟುತ್ತಲೇ ಇದ್ದಾನೆಂದು ಹುಡುಗರು.
ಮರುದಿನ "ಏಳು" ಎಂದೆ, ಅಭ್ಯಾಸಬಲದಿಂದ.
"ಪ್ರೆಸೆಂಟ್ ಸಾರ್" ಎಂದಿತು ಹಿಂದಿನ ಬೆಂಚು.
ತಲೆಯೆತ್ತಲಿಲ್ಲ. ಬರೆದೆ: ಹಾಜರ್.
ಅದರ ಮರುದಿನ ಮತೀನನ ದನಿ. ಗುರುವಾರ ಇನ್ನಾರದೋ, ನೆಗಡಿ.
ಒಂದು ದಿನ ಮುಂದಿನ ಸಾಲಿನಿಂದ ಜೀವೂಬಾಯಿ,
ಕೇಳದೆ ಸೊಲ್ಲೆತ್ತದವಳು,
ಗಂಟಲು ದಪ್ಪ ಮಾಡಿಕೊಂಡು "ಪ್ರೆಸೆಂಟ್".
ಯಾರೂ ನಗಲಿಲ್ಲ.

ಇನ್ಸ್‌ಪೆಕ್ಟರು ಬಂದು ಪುಸ್ತಕ ತಿರುವಿದರು,
ಕೆಂಪು, ನೀಲಿ, ಮತ್ತೆ ಕೆಂಪು.
"ಹದಿನೇಳನೇ ತಾರೀಖು ಇದ್ದನೇನ್ರೀ?"
ಪುಸ್ತಕದಲ್ಲಿದ್ದರೆ ಇದ್ದ ಸ್ವಾಮಿ, ಎಂದೆ.
ಅದು ತರ್ಕದೋಷ. ಅದಕ್ಕೊಂದು ಹೆಸರೂ ಉಂಟು,
ಪರೀಕ್ಷೆಯಲ್ಲಿ ನಾನೇ ಕೇಳುತ್ತೇನೆ, ನಾಲ್ಕು ಅಂಕಕ್ಕೆ.
ಪ್ರಿನ್ಸಿಪಾಲ್ ಕಸ್ತೂರಿರಂಗಾಚಾರ್ಯರು ಕಂದಕದತ್ತ ತಿರುಗಿ
ಕಪ್ಪೆ ಎಣಿಸುತ್ತ ನಿಂತವರು
ಇನ್ಸ್‌ಪೆಕ್ಟರ ಸೈಕಲ್ಲು ಗೇಟು ದಾಟುವವರೆಗೂ
ಎಣಿಕೆ ಮುಗಿಸಲಿಲ್ಲ.

ಹನ್ನೆರಡು, ಪಿಳ್ಳಪ್ಪ. ದೊಮ್ಮಲೂರಿನ ಹೂದೋಟದವರ ಮಗ.
ಫೀಸು ಕಟ್ಟಲಾಗದೆ ವೈರ್‌ಲೆಸ್ಸಿಗೆ ಸೇರಿದ,
"ಹೆಸರು ಹೊಡೆಯಬೇಡಿ ಸಾರ್, ಬಂದುಬಿಡ್ತೀನಿ" ಎಂದು.
ಅವನ ನಂಬರಿಗೆ ಎಲ್ಲರೂ ಒಟ್ಟಿಗೆ "ಲೀವ್ ಸಾರ್" ಎನ್ನುತ್ತಿದ್ದರು.
ನಾನು ರಜೆ ಎಂದು ಬರೆಯುತ್ತಿದ್ದೆ.
ಎರಡು ಕಾಗದ ಬಂತು. ಊರಿನ ಹೆಸರಿಗೆ ಸೆನ್ಸಾರಿನ ಮಸಿ.
ಮಸಿಯಾಚೆ: "ಇಲ್ಲಿ ಚೆಂಡುಹೂವು ತಾನಾಗೇ ಬೆಳೆಯುತ್ತೆ ಸಾರ್,
ಮೊಳ ಹಾಕುವವರಿಲ್ಲ."

ಮೂರನೆಯದು ಕಾಗದವಲ್ಲ, ತಂತಿ. ಅವನ ತಂದೆಗೆ ಬಂದದ್ದು.
ಓದಿಸಿಕೊಳ್ಳಲು ನನ್ನಲ್ಲಿಗೆ ತಂದರು,
ಬಾಳೆನಾರಿನ ವಾಸನೆಯ ಕೈಯಲ್ಲಿ.
ಕಾಣೆಯಾಗಿದ್ದಾರೆ. ಸತ್ತಿರುವರೆಂದು ನಂಬಲಾಗಿದೆ.
ಎರಡು ಸಲ ಓದಿದೆ, ಕನ್ನಡದಲ್ಲಿ.
"ನಂಬಿದವರು ಯಾರು ಬುದ್ಧೀ?" ಎಂದರು.

ಮರುದಿನ ಹನ್ನೊಂದು ಎಂದೆ. ಹನ್ನೆರಡು ಎಂದೆ.
ಏಳಕ್ಕೆ ಎದ್ದಷ್ಟು ಗಂಟಲುಗಳಲ್ಲಿ ಒಂದೂ ಏಳಲಿಲ್ಲ.
ಹೊರಗೆ ಆಂಟೋಣಿ ರೈಲುಕಂಬಿ ಬಾರಿಸಿದ,
ಹಿತ್ತಾಳೆ ಗಂಟೆ ಯುದ್ಧಕ್ಕೆ ಹೋಗಿ ವರ್ಷವಾಯಿತು.
ಹಾಜರ್ ಅಲ್ಲ. ಗೈರು ಅಲ್ಲ. ರಜೆಯೂ ಇನ್ನು ಅಲ್ಲ.
ನಿಬ್ಬಿನ ಕೆಂಪು ಒಣಗುವ ತನಕ ಚೌಕದ ಮೇಲೆ ಹಿಡಿದಿದ್ದೆ.
ಅದರಡಿ ಹೋದ ವರ್ಷದ ಹನ್ನೆರಡನೆಯವನು,
ಯಾರವನೋ, ಈಗೆಲ್ಲೋ ಮೇಷ್ಟರಾಗಿರಬೇಕು,
ಅವನ ಹಾಜರ್, ಮಾಸಿದ ನೀಲಿಯಲ್ಲಿ.
ಹಾಗೇ ಬಿಟ್ಟೆ.

"ಹದಿಮೂರು" ಎಂದೆ.